ನಿಲ್ಲಬಾರದ ಗಂಟೆ

ಬಹಳ ಹಿಂದೆ, ಎಂದರೆ ಈಗಿನ ಯಾರಿಗೂ ಕೋಪ ಬರಬಾರದಷ್ಟು ಹಿಂದೆ, ಸುಮುಖಾವತಿ ಎಂಬ ರಾಜ್ಯವಿತ್ತು. ಅಲ್ಲಿ ಒಂದು ಇಲಾಖೆ ಇನ್ನೊಂದು ಇಲಾಖೆಯ ಮುಖ ನೋಡುತ್ತಿರಲಿಲ್ಲ. ಹೇಳಬೇಕಾದದ್ದನ್ನು ಎಲ್ಲರೂ ಓಲೆಮನೆಗೆ ತಂದುಕೊಡುವುದು, ಅಲ್ಲಿಯವರು ಅದನ್ನು ಸಾಲಿನಲ್ಲಿಟ್ಟು ತಲುಪಬೇಕಾದವರಿಗೆ ತಲುಪಿಸುವುದು. ಒಂದು ದಿನ ಓಲೆಮನೆಯ ಗುಮಾಸ್ತರೆಲ್ಲ ಯಾರದೋ ಮದುವೆಯೂಟ ಉಂಡು ಹೊಟ್ಟೆ ಕೆಟ್ಟು ಮಲಗಿದರು. ಅರಮನೆಯ ಬಚ್ಚಲಿಗೆ ಸೌದೆ ಬೇಕೆಂಬ ಓಲೆ ಸಾಲಿನಲ್ಲೇ ಉಳಿಯಿತು. ಶ್ರೀಮನ್ಮಹಾರಾಜಾಧಿರಾಜ ವಿಶ್ವಂಭರ ಭೂಪಾಲರು ತಣ್ಣೀರಿನಲ್ಲಿ ಮಿಂದರು. ಅಂದೇ ಉನ್ನತ ಮಟ್ಟದ ಸಭೆ ಸೇರಿತು.

ಸಭೆ ಒಪ್ಪಿದ್ದು ‘ನಿರಂತರ ಲಭ್ಯತಾ ಮಹಾಯೋಜನೆ’. ಗುಡ್ಡದ ಮೇಲೆ ಇನ್ನೊಂದು ಓಲೆಮನೆ ಕಟ್ಟಬೇಕು. ಕೆಳಗಿನ ಮನೆಗೆ ಬಂದ ಓಲೆಗಳ ನಕಲು ಮೇಲಕ್ಕೂ ಹೋಗಬೇಕು. ಕೆಳಗಿನ ಗುಮಾಸ್ತರು ಕೆಲಸದ ನಡುವೆ ಆಗಾಗ ಗಂಟೆ ಬಾರಿಸಬೇಕು. ಗಂಟೆ ಕೇಳಿಸುತ್ತಿರುವಷ್ಟು ಕಾಲ ಮೇಲಿನವರು ತೆಪ್ಪಗಿರಬೇಕು. ನಿಂತರೆ ಕೆಳಗೇನೋ ಕೆಟ್ಟಿದೆ ಎಂದು ತಿಳಿದು ಆ ಕ್ಷಣವೇ ಅಧಿಕಾರ ವಹಿಸಿಕೊಳ್ಳಬೇಕು. ಎರಡೂ ಮನೆಯವರು ಒಟ್ಟಿಗೆ ಓಲೆ ಹಂಚಿದರೆ ಗೊಂದಲವಾದೀತೆಂದು, ಗಂಟೆ ಮೊಳಗುವಾಗ ಮೇಲಿನವರು ಓಲೆ ಮುಟ್ಟುವುದನ್ನು ರಾಜದ್ರೋಹವೆಂದು ಸಾರಲಾಯಿತು. ಯೋಜನೆ ಬರೆದವರು ಬುದ್ಧಿವಂತರೇ. ಅದನ್ನು ಅರಮನೆಗೆ ತೋರಿಸಿದ್ದೊಂದೇ ಅವರು ಮಾಡಿದ ತಪ್ಪು.

ಮೇಲಿನ ಮನೆಗೆ ಬದಲಿ ಅಧಿಕಾರಿಯಾಗಿ ಬಂದವನು ಹಂಪಣ್ಣ. ಅವನ ಸಂಸಾರ ಇದ್ದದ್ದು ಹೊಳೆದಂಡೆಯ ತಗ್ಗಿನಪೇಟೆಯಲ್ಲಿ. ಪರೀಕ್ಷೆಗೆಂದು ಒಮ್ಮೆ ಗಂಟೆ ನಿಲ್ಲಿಸಿದಾಗ ಅವನು ಸಡಗರದಿಂದ ಪೇಟ ಸುತ್ತಿಕೊಂಡು ಅಧಿಕಾರ ವಹಿಸಿಕೊಂಡ. ಒಂದು ಓಲೆಯೂ ತಪ್ಪಲಿಲ್ಲ. ಆದರೆ ಉಪ್ಪರಿಗೆಯಲ್ಲಿ ತಾಂಬೂಲ ಮೆಲ್ಲುತ್ತಿದ್ದ ಮಹಾರಾಜರು ಬೆಚ್ಚಿಬಿದ್ದರು.

“ಮಂತ್ರಿಗಳೇ, ನಮ್ಮ ಆಳ್ವಿಕೆಯಲ್ಲಿ ಇದೇನು ನಿಶ್ಶಬ್ದ?”

ಸಂವಹನ ಮಂತ್ರಿ ಚತುರಂಗಯ್ಯ ನಡು ಬಗ್ಗಿಸಿದ. “ಪ್ರಭುಗಳು ಅಪ್ಪಣೆ ಕೊಡಿಸಿದ ಮೇಲೆಯೇ ಅದು ನಿಶ್ಶಬ್ದವೆಂದು ನಮಗೆಲ್ಲ ತಿಳಿದದ್ದು. ಎಂಥ ಸೂಕ್ಷ್ಮ ಕಿವಿ!”

“ಪ್ರಜೆಗಳು ಏನೆಂದುಕೊಂಡಾರು?”

“ಸರ್ಕಾರವೇ ನಿಂತಿತು ಎಂದುಕೊಂಡಾರು, ಪ್ರಭು. ಇನ್ನು ನಿಲ್ಲದಂತೆ ನೋಡಿಕೊಳ್ಳುತ್ತೇನೆ.”

ನೋಡಿಕೊಂಡ. ಗಂಟೆಯನ್ನು ಓಲೆಮನೆಯಿಂದ ಕಿತ್ತು ಅರಮನೆಯ ಗೋಪುರಕ್ಕೇರಿಸಿದ. ಘಂಟಾನಾದ ಪ್ರಾಧಿಕಾರ ಹುಟ್ಟಿತು. ಮಂತ್ರಿಯ ಷಡ್ಡಕ ಅದರ ಅಧ್ಯಕ್ಷನಾದ. ಗಟ್ಟಿಮುಟ್ಟಾದ ಆಳುಗಳು ಪಾಳಿಯ ಮೇಲೆ ಬಾರಿಸತೊಡಗಿದರು. ಲಭ್ಯತೆ ಶೇಕಡಾ ನೂರು ಎಂಬ ವರದಿ ನೋಡಿ ಮಹಾರಾಜರು, ನೂರಹತ್ತಕ್ಕೆ ಏಕೆ ಪ್ರಯತ್ನಿಸಬಾರದು ಎಂದು ಕೇಳಿದರು.

ಹಂಪಣ್ಣನಿಗೆ ಮಾತ್ರ ಏನೋ ಕಸಿವಿಸಿ. ಮಂತ್ರಿಯ ಹತ್ತಿರ ಹೋಗಿ ತಲೆ ಕೆರೆದುಕೊಂಡ. “ಬುದ್ಧೀ, ಗಂಟೆ ಓಲೆಮನೇಲಿ ಇದ್ರೆ ತಾನೆ ಅಲ್ಲಿ ಕೆಲಸ ನಡೀತಿದೆಯೋ ಇಲ್ವೋ ಗೊತ್ತಾಗೋದು?”

“ಗೊತ್ತಾಗಿ ನಿನಗೇನಾಗ್ಬೇಕಯ್ಯಾ? ಸಂಬಳ ಬರ್ತಿದೆ ತಾನೆ?”

ಬರುತ್ತಿತ್ತು. ಹಂಪಣ್ಣ ಬಾಯಿ ಮುಚ್ಚಿಕೊಂಡ. ಆ ಗಂಟೆಯ ಲಯಕ್ಕೆ ಮಧ್ಯಾಹ್ನದ ನಿದ್ದೆಯೂ ಸೊಗಸಾಗಿ ಹತ್ತುತ್ತಿತ್ತು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮಧ್ಯಾಹ್ನ ದೊಡ್ಡಕೆರೆಯ ನೀರಗಂಟಿ ಮುದ್ದಯ್ಯ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ.

“ಕೆಳಗಿನ ಓಲೆಮನೆ ಗೋಡೆ ಮಕಾಡೆ ಬಿದ್ದದೆ ಸ್ವಾಮಿ. ಒಳಗೆ ಒಬ್ಬ ನರಪಿಳ್ಳೆ ಇಲ್ಲ. ಕೆರೆ ಏರಿ ಬಿರುಕು ಬಿಟ್ಟದೆ, ತೂಬು ಎತ್ತದೆ ಗತಿ ಇಲ್ಲ. ಎತ್ತಿದ್ರೆ ಹೊಳೆ ಉಕ್ತದೆ, ತಗ್ಗಿನಪೇಟೆ ಖಾಲಿ ಮಾಡುಸ್ಬೇಕು. ತಕ್ಕಳಿ ಓಲೆ!”

ಹಂಪಣ್ಣ ಕೈ ಚಾಚಿದ. ಗೋಪುರದಿಂದ ಢಣ್ ಎಂದಿತು. ಕೈ ಹಿಂದಕ್ಕೆ ಬಂತು. ಕಣ್ಣ ಮುಂದೆ ಹೆಂಡತಿ ನಿಂಗಾಜಮ್ಮ ಬಂದಳು, ಕತ್ತಿನ ಮೇಲಿದ್ದ ತನ್ನ ತಲೆಯೂ ಬಂತು. ಅವನು ಗೋಪುರದಲ್ಲಿದ್ದ ಮಂತ್ರಿಯ ಬಳಿಗೆ ಓಡಿದ.

“ಬುದ್ಧೀ, ಗಂಟೆ ಒಂದು ಗಳಿಗೆ ನಿಲ್ಲಿಸಿ. ಓಲೆಮನೆ ಬಿದ್ದುಹೋಗಿದೆ!”

“ಬಿದ್ದಿದ್ರೆ ಗಂಟೆ ಹೇಗಯ್ಯಾ ಮೊಳಗುತ್ತೆ?” ಎಂದ ಚತುರಂಗಯ್ಯ.

“ನೀವು ಬಾರಿಸ್ತಿದ್ದೀರಲ್ಲ!”

“ನೋಡಿದೆಯಾ, ಎಂಥಾ ಒಳ್ಳೆ ವ್ಯವಸ್ಥೆ! ನಿಲ್ಲಿಸಲೇಬೇಕು ಅಂತಿದ್ರೆ ಒಂದು ಅರ್ಜಿ ಬರೆದು ಓಲೆಮನೆ ಮೂಲಕ ಕಳಿಸು. ಹೀಗೆ ನೇರವಾಗಿ ಬಂದು ಕೇಳೋದು ಶಿಸ್ತಲ್ಲ.”

ಹಂಪಣ್ಣ ಪೇಟ ಅಲ್ಲೇ ಬಿಸಾಕಿ ತಗ್ಗಿನಪೇಟೆಗೆ ಓಡಿದ. ಅಲ್ಲಿ ಯಾರೂ ಅವನನ್ನು ನಂಬಲಿಲ್ಲ. ಗಂಟೆ ಕೇಳಿಸುತ್ತಿಲ್ಲವೇ, ಎಲ್ಲ ಸರಿಯಾಗಿದೆ ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ನಿಂಗಾಜಮ್ಮ ಒನಕೆ ಹಿಡಿದು ಮನೆಮನೆಯ ಬಾಗಿಲು ಬಡಿದಳು.

“ಏಳ್ರೋ! ನನ್ನ ಗಂಡ ಓಡಿದ್ದನ್ನ ಮದುವೆಯಾದಾಗಿಂದ ನಾನು ನೋಡಿಲ್ಲ. ಇವತ್ತು ಓಡಿ ಬಂದವ್ರೆ ಅಂದ್ರೆ ಏನೋ ಆಗ್ಯದೆ!”

ಈ ಮಾತನ್ನು ಪೇಟೆ ನಂಬಿತು. ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಸೇರುವ ಹೊತ್ತಿಗೆ ಹಿಂದೆಯೇ ನೀರು ಬಂತು. ಪ್ರಾಣ ಉಳಿಯಿತು. ಮನೆ, ಕಾಳು, ದನಕರು ಉಳಿಯಲಿಲ್ಲ. ಜನ ಗೋಳಾಡಿದರು, ಹಂಪಣ್ಣನೂ ಅತ್ತ.

ಅರಮನೆಯಲ್ಲಿ ಅಭಿನಂದನಾ ಸಮಾರಂಭ ನಡೆಯಿತು. ಅಂಥ ಪ್ರವಾಹದಲ್ಲೂ ಒಂದು ಪೆಟ್ಟು ತಪ್ಪದ ಗಂಟೆಗೆ ‘ರಾಜ್ಯಹೃದಯ’ ಎಂಬ ಬಿರುದು ಕೊಟ್ಟು, ಅದರ ನೆತ್ತಿಗೆ ಚಿನ್ನದ ಕಿರೀಟ ಇಡಲಾಯಿತು. ಬಾಯಿಮಾತಿನಲ್ಲಿ ಓಲೆ ಹಂಚಿದ ಹಂಪಣ್ಣನನ್ನು ಕೆಲಸದಿಂದ ತೆಗೆಯಲಾಯಿತು. ಯೋಜನೆಯ ಯಶಸ್ಸನ್ನು ಪ್ರಜೆಗಳಿಗೂ ವಿಸ್ತರಿಸಲು ಹೊಸ ಆಜ್ಞೆ ಹೊರಟಿತು: ಪ್ರತಿ ಸಂಸಾರವೂ ಸ್ವಂತ ಖರ್ಚಿನಲ್ಲಿ ಗಂಟೆ ಕೊಂಡು ಬಾರಿಸುತ್ತಿರಬೇಕು. ಗಂಟೆ ನಿಂತ ಕಡೆಗೆ ನೆರವು ಧಾವಿಸುವುದು. ಬೇಕೆಂದೇ ನಿಲ್ಲಿಸಿದವರಿಗೆ ಸೆರೆವಾಸ.

ಪರಿಹಾರದ ಅಕ್ಕಿಬಂಡಿಗಳು ಗುಡ್ಡದ ಬುಡಕ್ಕೆ ಬಂದವು. ಅಧಿಕಾರಿ ಕಿವಿಗೊಟ್ಟು ಆಲಿಸಿದ. ಮೇಲೆ ಪೇಟೆಗೆ ಪೇಟೆಯೇ ಒದ್ದೆ ಬಟ್ಟೆಯಲ್ಲಿ ನಿಂತು, ಸಾಲ ಮಾಡಿ ಕೊಂಡ ಗಂಟೆ ಬಾರಿಸುತ್ತಿತ್ತು. “ಎಲ್ಲ ಕ್ಷೇಮ” ಎಂದು ಅವನು ಬಂಡಿಗಳನ್ನು ತಿರುಗಿಸಿದ.

“ಅಲ್ಲ ಕಣ್ರೀ, ನಿಲ್ಲಿಸ್ಬಿಟ್ರೆ ಏನಾಗ್ತದೆ?” ನಿಂಗಾಜಮ್ಮ ಗಂಡನನ್ನು ಕೇಳಿದಳು.

“ಸೆರೆಗೆ ಹಾಕ್ತಾರೆ.”

“ನಿಲ್ಲಿಸದಿದ್ರೆ?”

“ಅಕ್ಕಿ ಬರಲ್ಲ.”

ಅವಳು ಇಳಿಜಾರಿನಲ್ಲಿ ಮರೆಯಾಗುತ್ತಿದ್ದ ಬಂಡಿಗಳನ್ನು ನೋಡಿದಳು. “ಸೆರೆಮನೇಲಿ ಊಟ ಹಾಕ್ತಾರಾ?”

“ಹಾಕ್ತಾರೆ.”

ನಿಂಗಾಜಮ್ಮ ಗಂಟೆ ಕೆಳಗಿಟ್ಟಳು. ಅವಳನ್ನು ನೋಡಿ ಪಕ್ಕದವಳು, ಆಮೇಲೆ ಎಲ್ಲರೂ ಇಟ್ಟರು. ಸಂಜೆಯೊಳಗೆ ತಗ್ಗಿನಪೇಟೆ ಇಡಿಯಾಗಿ ಸೆರೆಮನೆಯಲ್ಲಿತ್ತು. ಸಂತ್ರಸ್ತರೆಲ್ಲರಿಗೂ ಸೂರು ಮತ್ತು ಅನ್ನ ಒದಗಿಸಲಾಗಿದೆ ಎಂದು ಚತುರಂಗಯ್ಯ ವರದಿ ಒಪ್ಪಿಸಿದ. ಮಹಾರಾಜರ ಕಣ್ಣು ತೇವವಾಯಿತು. ಊಟ ಮುಗಿದ ಮೇಲೆ ಸಂತ್ರಸ್ತರನ್ನು ಸಾಲಾಗಿ ನಿಲ್ಲಿಸಿ, ಗೋಪುರದ ಗಂಟೆ ಬಾರಿಸುವ ಪಾಳಿಗೆ ಹಚ್ಚಿದರು.