ಹೊಲಿಗೆ ಮೆಷಿನ್ನಿನ ಪ್ಲೆನಿಪೊಟೆನ್ಷಿಯರಿ

ಹೆಂಡತಿ: ಅಕ್ಕನ ಮನೆಗೆ ಹೋಗಿ ಕೇಳ್ಕೊಂಡು ಬನ್ನಿ ಅಂದರೆ ಇಷ್ಟೊಂದು ವಾದ ಯಾಕೆ?

ಗಂಡ: ಬರೀ ಕೇಳ್ಕೊಂಡು ಬರೋಕೆ ನಾನು ಹೋಗಲ್ಲ. ಹೋದ ಸಲ ಹೋಗಿದ್ದೆನಲ್ಲ. ನಿಮ್ಮ ಭಾವ ಒಂದು ಮಾತು ಕೇಳಿದರು, 'ಮನೇಲಿ ಕೇಳಿ ಹೇಳ್ತೀನಿ' ಅಂದೆ. ನೀನು ಹೇಳಿದ್ದನ್ನ ತಗೊಂಡು ಹೋದೆ, 'ಮನೇಲಿ ಕೇಳಿ ಹೇಳ್ತೀನಿ' ಅಂತ ಅವರಂದರು. ಹೀಗೇ ಬೀದಿ ಅಳೆದಿದ್ದೇ ಬಂತು.

ಹೆಂಡತಿ: ಅದಕ್ಕೆ ಈಗ ನಾನೇನು ಮಾಡಬೇಕು?

ಗಂಡ: ನನ್ನನ್ನ ಪ್ಲೆನಿಪೊಟೆನ್ಷಿಯರಿ ಮಾಡು.

ಹೆಂಡತಿ ಹೊಲಿಯುತ್ತಿದ್ದ ಲಂಗದಿಂದ ತಲೆ ಎತ್ತಿದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ತುಟಿಯ ಮಧ್ಯೆ ಯಾವಾಗಲೂ ಒಂದೆರಡು ಗುಂಡುಪಿನ್ನು ಇದ್ದೇ ಇರುತ್ತವೆ. ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಹೊಸ ಪದ ಸಿಕ್ಕ ದಿನ ಅವನಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಅವಳು ಪಿನ್ನುಗಳನ್ನು ತೆಗೆದು ಪುಟ್ಟ ಪಿನ್ನುದಿಂಬಿಗೆ ಚುಚ್ಚಿದಳು.

ಹೆಂಡತಿ: ಪ್ಲೇನಾ? ಅಕ್ಕನ ಮನೆ ಹಿಂದಿನ ಬೀದೀಲಿದೆ, ನಡ್ಕೊಂಡೇ ಹೋಗಬಹುದು.

ಗಂಡ: ಪ್ಲೇನಲ್ಲ. ಪ್ಲೆನಿ. ಪ್ಲೆನಿಪೊಟೆನ್ಷಿಯರಿ.

ಹೆಂಡತಿ: ಕೊನೇಲಿ ಟೆನ್ಷನ್ ಅಂದ ಹಾಗೆ ಕೇಳಿಸ್ತು.

ಗಂಡ: ಅದು ಕೆಲಸ ಕೈಗೆ ತಗೊಂಡ ಮೇಲೆ ಬರೋದು. ಅರ್ಥ ಕೇಳು. ಒಂದು ದೇಶ ಇನ್ನೊಂದು ದೇಶಕ್ಕೆ ಒಬ್ಬನನ್ನ ಕಳಿಸುತ್ತೆ. ಅವನ ಕೈಗೆ ಪೂರ್ತಿ ಅಧಿಕಾರ ಕೊಟ್ಟಿರುತ್ತೆ. ಅವನು ಅಲ್ಲಿ ಹೂಂ ಅಂದರೆ ದೇಶವೇ ಹೂಂ ಅಂದ ಹಾಗೆ. ವಾಪಸ್ ಬಂದು ಯಾರನ್ನೂ ಕೇಳೋ ಹಾಗಿಲ್ಲ.

ಹೆಂಡತಿ: ನೀವು ತರಕಾರಿ ತರೋವಾಗಲೂ ಯಾರನ್ನೂ ಕೇಳಲ್ಲ. ನೋಡ್ತಾ ಇದೀನಲ್ಲ, ಬಲಿತ ಬೆಂಡೇಕಾಯಿ.

ಗಂಡ: ಬೆಂಡೇಕಾಯಿ ಬೇರೆ, ನಿಮ್ಮಮ್ಮನ ಮೆಷಿನ್ನು ಬೇರೆ.

ಆ ಮಾತಿಗೆ ಅವಳ ಕೈ ನಿಂತಿತು. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ ಕಾಲಲ್ಲಿ ತುಳಿಯುವ ಆ ಹಳೇ ಹೊಲಿಗೆ ಮೆಷಿನ್ನು ಅಕ್ಕನ ಮನೆ ಸೇರಿತ್ತು. 'ಗುಂಡಿ ಹಾಕೋಕೂ ಬರದವಳಿಗೆ ಮೆಷಿನ್ನು ಯಾಕೆ' ಎಂದು ತಂಗಿ ಅಂದಿದ್ದಳು. 'ಅಮ್ಮ ಹಾಸಿಗೆ ಹಿಡಿದಾಗ ಬರದವಳು ಮೆಷಿನ್ನಿಗೆ ಬಂದಳು' ಎಂದು ಅಕ್ಕ ಅಂದಿದ್ದಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬಳು ಅಂಗಡಿಯ ಬೋರ್ಡು ಓದುತ್ತಾಳೆ, ಇನ್ನೊಬ್ಬಳು ಚಪ್ಪಲಿ ಸರಿಮಾಡಿಕೊಳ್ಳುತ್ತಾಳೆ.

ಹೆಂಡತಿ: ಆಯ್ತು. ಅದೇನೋ ಅಂದ್ರಲ್ಲ, ಅದನ್ನ ಮಾಡಿದೀನಿ ನಿಮ್ಮನ್ನ. ಹೋಗಿ.

ಗಂಡ: ಪೂರ್ತಿ ಅಧಿಕಾರ?

ಹೆಂಡತಿ: ಪೂರ್ತಿ. ಆದರೆ ಅವರ ಮನೇಲಿ ಕೂರಬೇಡಿ. ಟೀ ಕೊಟ್ಟರೆ ಬೇಡ ಅನ್ನಿ. ಭಾವ ಜೋಕ್ ಹೇಳಿದರೆ ನಗಬೇಡಿ. ಅಕ್ಕ ಹೇಗಿದಾಳೆ ಅಂತ ಕೇಳಬೇಡಿ. ಆದರೆ ಹೇಗಿದಾಳೆ ಅಂತ ನೋಡ್ಕೊಂಡು ಬನ್ನಿ.

ಗಂಡ: ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಅದು ಪೂರ್ತಿ ಅಧಿಕಾರ ಹೇಗಾಗುತ್ತೆ?

ಹೆಂಡತಿ: ಉಳಿದಿದ್ದೆಲ್ಲ ಪೂರ್ತಿ ನಿಮ್ಮದೇ.

ಅಕ್ಕನ ಗಂಡನದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಇವನು ಹೋದಾಗ ಅಕ್ಕ ಮಾರ್ಕೆಟ್ಟಿಗೆ ಹೋಗಿದ್ದಳು. ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ವಾಚಿನ ಹೊಟ್ಟೆಯೊಳಗೆ ಇಣುಕುತ್ತಿದ್ದ.

ಗಂಡ: ಭಾವ, ನಾನು ಈಗ ಪ್ಲೆನಿಪೊಟೆನ್ಷಿಯರಿ.

ಭಾವ: ಅದು ಯಾವ ಕಂಪನಿದು? ಸೆಲ್ ಹಾಕೋದಾ, ಕೀ ಕೊಡೋದಾ?

ಗಂಡ: ವಾಚಲ್ಲ ಭಾವ, ನಾನು. ನಮ್ಮವಳು ನನಗೆ ಪೂರ್ತಿ ಅಧಿಕಾರ ಕೊಟ್ಟು ಕಳಿಸಿದಾಳೆ, ಮೆಷಿನ್ ವಿಷಯಕ್ಕೆ.

ಭಾವ ಭೂತಗನ್ನಡಿ ತೆಗೆದು ಷಡ್ಡಕನನ್ನು ಬರಿಗಣ್ಣಿನಲ್ಲಿ ನೋಡಿದ.

ಭಾವ: ಹಾಗಾದರೆ ನಾನೂ ಅದೇ. ನಮ್ಮವಳು ಮೊನ್ನೆ ಅಂದಳು, 'ಏನಾದರೂ ಮಾಡ್ಕೊಳ್ಳಿ, ನನ್ನ ಮುಂದೆ ಆ ಸುದ್ದಿ ಎತ್ತಬೇಡಿ' ಅಂತ. ಅದಕ್ಕೆ ಇಷ್ಟು ದೊಡ್ಡ ಹೆಸರಿದೆ ಅಂತ ಗೊತ್ತಿರಲಿಲ್ಲ. ಕೂತ್ಕೊಳ್ಳಿ.

ಗಂಡ: ಕೂರೋ ಹಾಗಿಲ್ಲ.

ಭಾವ: ಮೂಲವ್ಯಾಧಿಯಾ?

ಗಂಡ: ಷರತ್ತು.

ಭಾವ: ಈ ಸ್ಟೂಲಿಗೆ ಕಾಲು ಗಟ್ಟಿಯಿಲ್ಲ. ಇದರ ಮೇಲೆ ಕೂತರೆ ಅರ್ಧ ನಿಂತ ಹಾಗೇ.

ಗಂಡ ಅರ್ಧ ನಿಂತ.

ಗಂಡ: ನಮ್ಮವಳ ವಾದ ಏನಂದರೆ, ಅವಳ ಮೋಟರ್ ಮೆಷಿನ್ನು ದಪ್ಪ ಬಟ್ಟೆ ಕೊಟ್ಟರೆ ಮುನಿಸ್ಕೊಳ್ಳುತ್ತೆ. ಅಮ್ಮನದು ಗೋಣಿಚೀಲ ಕೊಟ್ಟರೂ ಹೊಲಿಯುತ್ತೆ.

ಭಾವ: ನಮ್ಮವಳು ಅದರಲ್ಲಿ ಏನೂ ಹೊಲಿಯಲ್ಲ. ಬೆಳಗಾದರೆ ಒರೆಸ್ತಾಳೆ, ಬಟ್ಟೆ ಮುಚ್ತಾಳೆ. ನನಗೋ, ಬಚ್ಚಲಿಗೆ ಹೋಗುವಾಗೆಲ್ಲ ಅದರ ಚಕ್ರ ಮಂಡಿಗೆ ಬಡಿಯುತ್ತೆ. ಕೊಟ್ಟುಬಿಡು ಅಂದರೆ ಊಟ ಬಿಡ್ತಾಳೆ.

ಗಂಡ: ನಾನು ತಗೊಂಡು ಹೋದರೆ?

ಭಾವ: ನಾನು ಊಟ ಬಿಡಬೇಕಾಗುತ್ತೆ.

ಗಂಡ: ಬಿಟ್ಟು ಹೋದರೆ ನನಗೆ ಅದೇ ಗತಿ.

ಇಬ್ಬರೂ ಗೋಡೆ ನೋಡಿದರು. ಗೋಡೆಯ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು.

ಭಾವ: ಒಂದು ಕೆಲಸ ಮಾಡೋಣ. ಇಲ್ಲೇ ಬೀದಿ ಮೂಲೇಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸ್ತಾರೆ. ಅವರಿಗೆ ಕೊಟ್ಟುಬಿಡೋಣ. ನಿಮಗೂ ಇಲ್ಲ, ನಮಗೂ ಇಲ್ಲ. ಜಗಳಕ್ಕೆ ಜಾಗವೇ ಇಲ್ಲ.

ಗಂಡ: ನಮಗೆ ಅಧಿಕಾರ ಇದೆಯಾ?

ಭಾವ: ಆಗಲೇ ನೀವೇ ಅಂದಿರಲ್ಲ ಏನೋ ಒಂದು. ಪೂರ್ತಿ ಇದೆ.

ಕೈ ಕುಲುಕಿದರು. ನಾಳೆ ಬೆಳಗ್ಗೆ ಬಂದು ಒಯ್ಯಿರಿ ಅಂತ ಭಾವ ಅಲ್ಲಿಗೆ ಹೇಳಿಯೂ ಕಳಿಸಿಬಿಟ್ಟ.

ಗಂಡ ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಕತ್ತರಿ ಕೆಳಗಿಟ್ಟಳು. ಕೈಯಲ್ಲಿ ಕತ್ತರಿ ಇರುವಾಗ ಇಂಥ ಮಾತು ಕೇಳಬಾರದು ಎಂದು ಅವಳಿಗೇ ಅನ್ನಿಸಿರಬೇಕು.

ಹೆಂಡತಿ: ಅಮ್ಮನ ಮೆಷಿನ್ನನ್ನ ಯಾರೋ ಗೊತ್ತಿಲ್ಲದವರಿಗೆ.

ಗಂಡ: ಕಲಿಯೋ ಹೆಣ್ಣುಮಕ್ಕಳು ಕಣೇ. ಒಳ್ಳೇ ಕೆಲಸಕ್ಕೇ ಹೋಗುತ್ತೆ.

ಹೆಂಡತಿ: ನಿಮಗೆ ಹಾಗೆ ಮಾಡಿ ಅಂತ ಹೇಳಿದೋರು ಯಾರು?

ಗಂಡ: ನೀನೇ. ನಾನು ಹೂಂ ಅಂದರೆ ನೀನು ಹೂಂ ಅಂದ ಹಾಗೆ. ಅಂದರೆ ಮೆಷಿನ್ನು ಕೊಟ್ಟಿದ್ದು ನಾನಲ್ಲ, ನೀನು.

ಹೆಂಡತಿ: ಮಾತಾಡೋಕೆ ಬಾಯಿ ಕೊಟ್ಟರೆ ಮನೇನೇ ಬರೆದುಕೊಟ್ಟು ಬಂದಿದೀರಲ್ಲ. ಈಗಲೇ ಭಾವನಿಗೆ ಫೋನ್ ಮಾಡಿ ಬೇಡ ಅನ್ನಿ.

ಗಂಡ: ಪ್ಲೆನಿಪೊಟೆನ್ಷಿಯರಿ ಮಾತು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ.

ಹೆಂಡತಿ: ಪ್ಲೆನಿಪೊಟೆನ್ಷಿಯರಿಗೆ ಇವತ್ತು ಊಟ ಇಲ್ಲ.

ಸಿಟ್ಟಿನಲ್ಲೂ ಅವಳು ಆ ಪದವನ್ನು ಒಂದಕ್ಷರ ತಪ್ಪದೆ ಹೇಳಿದಳು. ಗಂಡ ಮೆಚ್ಚಬೇಕೋ ಹೆದರಬೇಕೋ ತಿಳಿಯದೆ ನಿಂತಿದ್ದಾಗ ಫೋನು ಬಡಿದುಕೊಂಡಿತು. ಅವಳು ಎತ್ತಿದಳು. ಆ ಕಡೆಯ ದನಿ ಕೇಳಿದ್ದೇ ತಡ, ಕುರ್ಚಿ ಹುಡುಕಿಕೊಂಡು ಕೂತಳು.

ಹೆಂಡತಿ: ಹೂಂ, ನಾನೇ... ಇಲ್ಲ ಅಕ್ಕ, ನಾನು ಹೇಳಿಲ್ಲ. ನೀನೇ ಹೇಳಿದೆ ಅಂದುಕೊಂಡೆ... ನಮ್ಮವರೂ ಹಾಗೇ. ತಪ್ಪು ತಿದ್ದೋದು ಕೆಲಸ, ಮಾಡೋದೆಲ್ಲ ತಪ್ಪು... ಬೇಡವೇ ಬೇಡ. ನಾಳೆ ಹೊಲಿಗೆ ಕಲಿಸೋರು ಬಂದರೆ ಬಾಗಿಲಲ್ಲೇ ಕೈ ಮುಗಿದು ಕಳಿಸು.

ಗಂಡ ಈಗ ಫೋನು ಇಡುತ್ತಾಳೆ ಅಂದುಕೊಂಡ. ಅವಳು ಇಡಲಿಲ್ಲ. ಆ ಕಡೆಯವಳೂ ಇಡಲಿಲ್ಲವೆಂದು ಕಾಣುತ್ತದೆ.

ಹೆಂಡತಿ: ... ಯಾಕೆ ಹಾಗೆ ಏದುಸಿರು ಬಿಡ್ತಿದೀಯಾ? ಮೆಟ್ಟಿಲು ಹತ್ತಿದೆಯಾ?... ಡಾಕ್ಟರಿಗೆ ತೋರಿಸಿದೆಯಾ? ನನಗೊಂದು ಮಾತು ಹೇಳೋದಲ್ವಾ... ಹೂಂ, ನಿಜ, ಹೇಗೆ ಹೇಳ್ತೀಯಾ... ಅವತ್ತಿನ ಮಾತು ಬಿಡು ಅಕ್ಕ. ನಾನೇನು ಕಡಿಮೆ ಅಂದೆನಾ.

ಆಮೇಲೆ ಅವಳು ಕಣ್ಣು ಒರೆಸಿಕೊಂಡಳು, ಮೂಗು ಒರೆಸಿಕೊಂಡಳು, ನಡುವೆ ಎರಡು ಸಲ ಜೋರಾಗಿ ನಕ್ಕಳು. ಅಮ್ಮ ಬೈಯುತ್ತಿದ್ದ ಬೈಗುಳ, ಯಾರದೋ ಮಗಳ ಮದುವೆ, ಹಾಲಿನವನ ನೀರು, ಎಲ್ಲ ಬಂದು ಹೋಯಿತು. ಗಂಡ ತಾನೇ ಅನ್ನ ಬಡಿಸಿಕೊಂಡು ಉಂಡು ಕೈ ತೊಳೆದರೂ ಮಾತು ಮುಗಿದಿರಲಿಲ್ಲ. ಫೋನು ಇಟ್ಟಾಗ ಅವಳ ಕಿವಿ ಕೆಂಪಾಗಿತ್ತು.

ಗಂಡ: ಏನು ತೀರ್ಮಾನ ಆಯ್ತು?

ಹೆಂಡತಿ: ಯಾರಿಗೂ ಕೊಡಲ್ಲ ಅಂತ ಆಯ್ತಲ್ಲ.

ಗಂಡ: ಅದು ಕೇಳಿಸ್ತು. ಮೆಷಿನ್ನು ಯಾರ ಮನೇಲಿರಬೇಕು? ಅವರಲ್ಲೋ ನಮ್ಮಲ್ಲೋ?

ಹೆಂಡತಿ ಹಣೆ ಚಚ್ಚಿಕೊಂಡಳು.

ಹೆಂಡತಿ: ಅಯ್ಯೋ, ಅದನ್ನ ಮಾತಾಡೋಕೇ ಮರೆತುಹೋಯ್ತು.

ಗಂಡ: ಇಷ್ಟು ಹೊತ್ತು ಮತ್ತೇನು ಮಾತಾಡಿದಿರಿ? ಇರಲಿ, ಮತ್ತೆ ಫೋನ್ ಮಾಡಿ ಕೇಳು.

ಹೆಂಡತಿ: ಬೇಡ. ನಾಳೆ ನಾನೇ ಹೋಗಿ ಎದುರಿಗೆ ಕೂತು ಜಗಳ ಆಡ್ತೀನಿ. ಎಷ್ಟು ಕಾಲ ಆಯ್ತು ಅವಳ ಹತ್ತಿರ ಬಾಯಿತುಂಬ ಜಗಳ ಆಡಿ.