ರಿಟರ್ನ್ ಟಿಕೆಟ್ ತೋರಿಸದೆ ಕಾಫಿ ಇಲ್ಲ

ಡೊಂಬಿವಲಿಯ ನಮ್ಮ ಸಾಮ್ರಾಜ್ಯ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಯಜಮಾನರು ತೀರಿಕೊಂಡ ಮೇಲೆ ಅದರ ಗೃಹಖಾತೆ, ವಿದೇಶಾಂಗ ಖಾತೆ ಎರಡೂ ನನ್ನ ಕೈಯಲ್ಲೇ ಇದ್ದವು. ನಾನು ಮಾಡಿದ್ದು ಒಂದೇ ಕಾನೂನು. ಊರಿನಿಂದ ಬಸ್ಸಿನಲ್ಲಿ ಬಂದವರು ಯಾರೇ ಇರಲಿ, ಚೀಲ ಕೆಳಗಿಡುವ ಮೊದಲು ರಿಟರ್ನ್ ಟಿಕೆಟ್ ತೋರಿಸಬೇಕು. ಕಾಫಿ ಆಮೇಲೆ. (ನನಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಟಿಕೆಟ್ಟಿನ ತಾರೀಕನ್ನು ಎಷ್ಟು ಗೀಚಿ ಬರೆದಿದ್ದರೂ ಓದುತ್ತೇನೆ.) ತಪ್ಪು ತಿಳಿಯಬೇಡಿ. ಬೊಂಬಾಯಿ ನೋಡಲು ಬಂದವರಿಗೆ ಬೊಂಬಾಯಿ ಮುಗಿಯುವುದೇ ಇಲ್ಲ. ನಮ್ಮಲ್ಲಿ ಕಿಟಕಿಯ ಪಕ್ಕ ಇರುವ ಮಂಚ ಒಂದೇ. ಅದು ನನ್ನದು.

ಎಂಬತ್ತಮೂರನೇ ಇಸವಿಯಲ್ಲಿ ಸೊಸೆ ವನಮಾಲಾಳ ತಾಯಿ ಉಮಾವತಿಯಕ್ಕ ಉಡುಪಿಯಿಂದ ಬರಿಗೈಯಲ್ಲಿ ಬಂದರು. ಬರಿಗೈ ಎಂದರೆ ಹಪ್ಪಳ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಎಲ್ಲ ಇತ್ತು, ಟಿಕೆಟ್ ಇರಲಿಲ್ಲ.

"ಹೋಗುವುದು ಯಾವಾಗ ಅಕ್ಕಾ?" ಎಂದು ನಯವಾಗಿಯೇ ಕೇಳಿದೆ.

"ಬಂದದ್ದು ಈಗ ಅಲ್ವಾ? ಮನಸ್ಸು ಬಂದಾಗ ಹೋಗುವುದು."

"ಮನಸ್ಸಿಗೆ ತಾರೀಕು ಇಲ್ಲ ಅಕ್ಕಾ, ಬಸ್ಸಿಗೆ ಉಂಟು."

ಎರಡು ದಿನದಲ್ಲಿ ಅವರು ಹೊರಟರು. ನನ್ನ ಮಗ ಗುಣಪಾಲನೇ ಓಡಾಡಿ ಟಿಕೆಟ್ ತಂದುಕೊಟ್ಟ. ಆಮೇಲೆ ಬಹಳ ಕಾಲ ವನಮಾಲಾ ನನ್ನ ಸಾರಿಗೆ ಉಪ್ಪು ಹಾಕಲಿಲ್ಲ. ("ನಿಮಗೆ ಬಿ.ಪಿ. ಅಲ್ವಾ ಅತ್ತೆ?")

ಮರುವರ್ಷ ಗಲ್ಫಿನಲ್ಲಿರುವ ಮಗಳು ಜಯಲತಾ ನನಗೆ ವೀಸಾ ಕಳಿಸಿದಳು. ಉಪ್ಪಿಲ್ಲದ ಸಾರಿನಿಂದ ಬಿಡುಗಡೆ! ಬಿಲ್ಡಿಂಗಿನ ಮೂರೂ ಮಾಳಿಗೆಗೆ ಕೇಳುವಂತೆ ಸಾರಿದೆ: "ಮಗಳ ಮನೆಗೆ ಹೋಗುತ್ತೇನೆ. ಬರುವುದು ನನ್ನ ಮನಸ್ಸು."

"ತಾರೀಕು ಇಲ್ವಾ ಅತ್ತೆ?" ಎಂದಳು ವನಮಾಲಾ.

"ಮಗಳ ಮನೆಗೆ ಎಂತ ತಾರೀಕು?"

ಅವಳು ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿದಳು. ಅಂದಿನ ಸಾರಿನಲ್ಲಿ ಉಪ್ಪು ಇತ್ತು.

ಠಾಣೆಯ ಟ್ರಾವೆಲ್ ಏಜೆಂಟ್ ಕುಶಲ ನಮ್ಮ ಊರಿನ ಕಡೆಯವನೇ. ಆದರೂ ತಕರಾರು ತೆಗೆದ.

"ರಿಟರ್ನ್ ಟಿಕೆಟ್ ಬೇಕೇ ಬೇಕು ಅಮ್ಮಾ. ನೀವು ವಾಪಸ್ ಹೋಗ್ತೀರಿ ಅಂತ ಆ ದೇಶದವರಿಗೆ ಗ್ಯಾರಂಟಿ ಬೇಕಲ್ಲ?"

"ನಾನೇನು ಅವರ ಅರಸನ ಮನೆಯಲ್ಲಿ ಉಣ್ಣುತ್ತೇನಾ? ಮಗಳ ಮನೆಯಲ್ಲಿ ಉಣ್ಣುವುದು."

"ಕಾನೂನು ಅಮ್ಮಾ."

"ಬಂದವರ ಹತ್ತಿರ ಹೋಗುವುದು ಯಾವಾಗ ಅಂತ ಕೇಳುವುದು ಯಾವ ಊರಿನ ಮರ್ಯಾದೆ?"

ಪಕ್ಕದಲ್ಲಿದ್ದ ಗುಣಪಾಲನಿಗೆ ಯಾಕೋ ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ಸುಮ್ಮನೆ ತೋರಿಸ್ಲಿಕ್ಕೆ ಒಂದು ತಗೊಳ್ಳುವ ಅಮ್ಮ. ಆಮೇಲೆ ಕ್ಯಾನ್ಸಲ್ ಮಾಡಿದ್ರಾಯ್ತು" ಎಂದ.

"ಸುಳ್ಳು ತಾರೀಕು ತೋರಿಸಿ ಒಳಗೆ ನುಗ್ಗುವವಳಲ್ಲ ನಾನು. ಅಲ್ಲದೆ ಲೋಕಲ್ ರೈಲಿನಲ್ಲಿ ವಿ.ಟಿ. ಸ್ಟೇಷನ್ನಿಗೆ ತೆಗೆದ ರಿಟರ್ನ್ ಮರುದಿನಕ್ಕೇ ರದ್ದಿ. ಮಗಳ ಮುಖ ನೋಡುವಷ್ಟರಲ್ಲಿ ವಾಪಸ್ ಓಡಬೇಕಾ?"

"ವಿಮಾನದ್ದು ಲೋಕಲ್ ಹಾಗಲ್ಲ..." ಎಂದು ಕುಶಲ ಶುರುಮಾಡಿದವನು ನನ್ನ ಮುಖ ನೋಡಿ ಬಿಟ್ಟುಬಿಟ್ಟ. "ಹೋಗುವುದಕ್ಕೆ ಮಾತ್ರ ಕೊಡ್ತೇನೆ. ಏರ್‌ಪೋರ್ಟಿನಲ್ಲಿ ತಡೆದರೆ ನನಗೆ ಬಯ್ಯಬೇಡಿ."

ಹೊರಡುವ ಬೆಳಿಗ್ಗೆ ವನಮಾಲಾ ನನ್ನ ಕಾಲಿಗೆ ಬಿದ್ದಳು. "ಅವಸರ ಮಾಡ್ಬೇಡಿ ಅತ್ತೆ, ಆರಾಮ ಇದ್ದು ಬನ್ನಿ" ಎಂದಳು. ನನ್ನ ಕಣ್ಣು ತುಂಬಿತು. (ನನ್ನದು ಮಾತ್ರ.)

ವಿಮಾನದ ಕೌಂಟರಿನ ಹುಡುಗಿ ನನ್ನ ಟಿಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮಾಜೀ, ವಾಪಸ್ ಕಾ ಟಿಕೆಟ್?"

"ನಹೀ. ಮನ್ ಆಯೇಗಾ ತಬ್ ಆಯೇಗಾ" ಎಂದೆ ಠೀವಿಯಿಂದ.

ಅವಳು ನಕ್ಕಳು. ಎಷ್ಟು ನಯವಾಗಿ ನಕ್ಕಳೆಂದರೆ, ನನ್ನ ಪೆಟ್ಟಿಗೆ ತೂಕದ ಯಂತ್ರದ ಮೇಲಿಂದ ಕೆಳಗಿಳಿದ ಮೇಲೆಯೇ ಅದು 'ಇಲ್ಲ' ಎಂದು ನನಗೆ ಗೊತ್ತಾದದ್ದು. ವಿಮಾನ ನನ್ನನ್ನು ಬಿಟ್ಟು ಹಾರಿತು. ಮಗಳಿಗೆಂದು ಕಟ್ಟಿದ ಹಲಸಿನ ಹಪ್ಪಳ ದಾದರ್ ಸ್ಟೇಷನ್ನಿನ ಜನಜಂಗುಳಿಯಲ್ಲಿ ಪುಡಿಯಾಯಿತು. ಮಧ್ಯಾಹ್ನಕ್ಕೆ ನಾನೂ ಗುಣಪಾಲನೂ ಡೊಂಬಿವಲಿ ತಲುಪಿದೆವು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಉಮಾವತಿಯಕ್ಕ ಕುಳಿತಿದ್ದರು. ಬೆಳಿಗ್ಗೆಯ ಬಸ್ಸಿಗೆ ಬಂದಿಳಿದರಂತೆ, ಮಗಳೇ ಕರೆಸಿಕೊಂಡಿದ್ದಳಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಸೊಂಟದ ಚೀಲದಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಬಸ್ಸಿನ ರಿಟರ್ನ್ ಟಿಕೆಟ್. ತಾರೀಕು ಸ್ಪಷ್ಟವಾಗಿತ್ತು: ಮುಂದಿನ ತಿಂಗಳ ಕೊನೆಯದು. ಕಾನೂನಿನ ಪ್ರಕಾರ ನಾನು ಒಂದು ಮಾತೂ ಆಡುವಂತಿರಲಿಲ್ಲ.

ಒಳಗಿನಿಂದ ಕಾಫಿಯ ಪರಿಮಳ ಬರುತ್ತಿತ್ತು. ನಾನು ಚೀಲ ಕೆಳಗಿಡಲು ಬಗ್ಗಿದೆ.

ಉಮಾವತಿಯಕ್ಕ ಲೋಟದ ಮೇಲಿಂದ ನನ್ನನ್ನು ನೋಡಿ, ನಯವಾಗಿಯೇ ಕೇಳಿದರು:

"ಹೋಗುವುದು ಯಾವಾಗ ಅಕ್ಕಾ?"