ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು

ಹೊಸದನ್ನು ಸೇರಿಸುವುದು ನನಗೆ ಎಂದೂ ಕಷ್ಟವಾಗಿಲ್ಲ. ಇದ್ದದ್ದನ್ನು ಬಿಡುವುದೇ ಕಷ್ಟ. ಪಕ್ಕದ ಬೀದಿಯ ಮದುವೆಗೆ ಹೋಗುವಾಗಲೂ ಕೊಡೆ, ಟಾರ್ಚು, ತಲೆನೋವಿನ ಮುಲಾಮು ಹೊತ್ತೊಯ್ಯುವವನು ನಾನು. ಎಂಬತ್ತರ ದಶಕದ ಕೊನೆಗೆ ಗೆಳೆಯ ಸದಾನಂದನ ಜೊತೆ ಮಣ್ಣಗುಡ್ಡದಲ್ಲಿ ಕಂಪ್ಯೂಟರ್ ಅಂಗಡಿ ತೆರೆದಾಗ ಈ ಗುಣ ನಮ್ಮಿಬ್ಬರಲ್ಲೂ ಇದೆಯೆಂದು ತಿಳಿಯಿತು. ಹೋಟೆಲುಗಳಿಗೆಂದು ನಾವು ಬಿಲ್ಲಿನ ಪ್ರೋಗ್ರಾಂ ಬರೆದಿದ್ದೆವು. ಮೊದಲ ಗಿರಾಕಿ ಕುದ್ರೋಳಿಯಲ್ಲಿ ಹೋಟೆಲ್ ಇಟ್ಟಿದ್ದ ಕೊರಗಪ್ಪಣ್ಣ. ಅವರು ಮೆಚ್ಚಿದರೆ ಉಳಿದ ಹೋಟೆಲಿನವರೂ ಬಂದಾರು. ಇಲ್ಲದಿದ್ದರೆ ಅಂಗಡಿಗೆ ಬೀಗ. ಆದರೆ ಅವರ ಕಂಪ್ಯೂಟರು ನಡೆಯುವುದು ಒಂದೇ ಫ್ಲಾಪಿ ಡಿಸ್ಕಿನಿಂದ, ನಾವು ಬರೆದದ್ದೆಲ್ಲ ಅದರಲ್ಲಿ ಹಿಡಿಯಲೊಲ್ಲದು.

"ನಿನ್ನ ಆ ಉಪದೇಶದ ಫೈಲ್ ತೆಗಿ ಮಾರಾಯ, ಯಾರು ಓದ್ತಾರೆ?" ಎಂದ ಸದಾನಂದ. ಅದು ನಾನು ಮುನ್ನುಡಿ ಸಹಿತ ಬರೆದ ಸೂಚನೆಗಳ ಫೈಲು. ಮೊದಲು ನಿನ್ನ ದೀಪ ಆರಿಸು ಎಂದೆ ನಾನು. ಪ್ರೋಗ್ರಾಂ ಶುರುವಾಗುವಾಗ ತೆರೆಯ ಮೇಲೆ ಮಿನುಗಲೆಂದು ಅವನೊಂದು ಕಾಲುದೀಪದ ಚಿತ್ರ ಮಾಡಿದ್ದ. ಇಬ್ಬರೂ ಪಟ್ಟು ಬಿಡಲಿಲ್ಲ. ಮಧ್ಯಾಹ್ನ ಬುತ್ತಿ ತಂದ ನನ್ನ ಹೆಂಡತಿ ವಸಂತಿ ಇಬ್ಬರ ದೂರನ್ನೂ ಕೇಳಿದಳು.

"ಯಾವುದು ಇಲ್ಲದಿದ್ರೆ ಅವರಿಗೆ ಬಿಲ್ಲು ಮಾಡ್ಲಿಕ್ಕೆ ಆಗುದಿಲ್ಲ, ಅದನ್ನು ಮಾತ್ರ ಹಾಕಿ. ನನ್ನ ತಮ್ಮ ಮಸ್ಕತ್ತಿಗೆ ಹೋಗುವಾಗ ನಾನು ಪೆಟ್ಟಿಗೆ ತುಂಬಿಸಿದ್ದು ಹಾಗೆಯೇ."

ದೀಪ ಹೋಯಿತು, ಮುನ್ನುಡಿಯೂ ಹೋಯಿತು. ಉಳಿದದ್ದು ಫ್ಲಾಪಿಯಲ್ಲಿ ಸಲೀಸಾಗಿ ಕೂತು ಜಾಗವೂ ಮಿಕ್ಕಿತು.

ಮರುದಿನ ಹೋಟೆಲಿನಲ್ಲಿ ಪ್ರೋಗ್ರಾಂ ಶುರುವಾಯಿತು. ತಿಂಡಿಗಳ ಪಟ್ಟಿ ನೋಡಿದ ಕೊರಗಪ್ಪಣ್ಣ ಕನ್ನಡಕ ಸರಿಪಡಿಸಿಕೊಂಡರು.

"ಇದೆಂತದು, 'ವಸಂತಿ ಮೂಡೆ'? ನಮ್ಮಲ್ಲಿ ಇಲ್ಲವಲ್ಲ."

ಪರೀಕ್ಷೆಗೆಂದು ನಮ್ಮ ಮನೆಯ ತಿಂಡಿಗಳ ಹೆಸರು ತುಂಬಿದ್ದ ಫೈಲು ಅದು. ಖಾಲಿ ಪಟ್ಟಿಯನ್ನು ಬಿಟ್ಟು ಇದನ್ನೇ ಹಾಕಿ ತಂದಿದ್ದೆ. ಸದಾನಂದ ಚಾವಣಿ ನೋಡತೊಡಗಿದ. ವಸಂತಿ ನನ್ನ ಹೆಂಡತಿ, ಕೇದಗೆಯಂಥ ಮುಂಡುಕದ ಎಲೆ ಸುತ್ತಿ ಮಾಡಿದ ಕೊಟ್ಟೆಯಲ್ಲಿ ಅವಳು ಬೇಯಿಸುವ ಇಡ್ಲಿಯಂಥ ಮೂಡೆ ಇದು ಎಂದು, ಮೂಡೆ ಗೊತ್ತಿದ್ದವರಿಗೇ ಉದ್ದಕ್ಕೆ ವಿವರಿಸಿದೆ.

"ಬರೀ ಹೆಸರು ಮಾತ್ರವಾ, ತಿನ್ಲಿಕ್ಕೂ ಉಂಟಾ?" ಎಂದರು ಕೊರಗಪ್ಪಣ್ಣ.

ಮರುದಿನ ಬೆಳಿಗ್ಗೆ ವಸಂತಿ ಬಿಸಿಬಿಸಿ ಮೂಡೆ ಕಳಿಸಿದಳು. ಕೊರಗಪ್ಪಣ್ಣ ಮೀನುಸಾರಿನ ಜೊತೆ ತಿಂದು, ಕೈ ತೊಳೆದು, ಪ್ರೋಗ್ರಾಂ ಇರಲಿ ಎಂದರು. ಪ್ರತಿ ಭಾನುವಾರ ಹೋಟೆಲಿನಲ್ಲಿ ವಸಂತಿಯ ಮೂಡೆಯೂ ಇರಲಿ ಎಂದರು.

ಆಮೇಲೆ ಬೇರೆ ಹೋಟೆಲಿನವರೂ ಒಬ್ಬೊಬ್ಬರಾಗಿ ಬಂದರು. ನಮ್ಮ ಅಂಗಡಿ ಉಳಿಯಿತು. ಮೊನ್ನೆ ಕುದ್ರೋಳಿಯ ಹೊಸ ಹೋಟೆಲೊಂದಕ್ಕೆ ಹೋಗಿ, ಸಾಫ್ಟ್‌ವೇರ್ ಬರೆಯುವವನು ಎಂದು ಗತ್ತಿನಿಂದ ಪರಿಚಯ ಹೇಳಿಕೊಂಡೆ. ಯಜಮಾನರಿಗೆ ನಾನು ಯಾರೆಂದು ಗುರುತು ಹತ್ತಲಿಲ್ಲ. ಗಲ್ಲಾದ ಪಕ್ಕ ಕುಳಿತಿದ್ದವರೊಬ್ಬರು ನನ್ನ ನೆರವಿಗೆ ಬಂದರು.

"ಗೊತ್ತಾಗ್ಲಿಲ್ವಾ? ಮೂಡೆಯ ವಸಂತಕ್ಕನ ಗಂಡ ಮಾರಾಯ್ರೆ."

ತಕ್ಷಣ ನನಗೆ ಕುರ್ಚಿ ಬಂತು.